ಪುದೀನದ ಕೆಳಗೆ ಆರು ಎಲೆ

“ನಮ್ ತಾತಂಗೆ ಶುಗರ್ ಕಮ್ಮಿ ಆಗ್ಬಿಟ್ಟಿದೆ ಕಣೇ ಸುಮೈರಾ! ಕಮ್ಮಿ!”

“ಏಯ್, ಜಾಸ್ತಿ ಅನ್ನು. ಅವರಿಗ್ಯಾಕೆ ಕಮ್ಮಿ ಆಗುತ್ತೆ?”

“ನಾನೂ ಅದನ್ನೇ ಕೇಳ್ದೆ ಗುರು, ನರ್ಸ್ ನನ್ನ ಮುಖಾನೇ ನೋಡಿದ್ಲು. ನಲವತ್ತೆರಡಂತೆ! ಬಚ್ಚಲುಮನೆ ಬಾಗ್ಲಲ್ಲಿ ದಬಾರ್ ಅಂತ ಬಿದ್ರು. ಮೈಯೆಲ್ಲಾ ಬೆವರು. ನನ್ನನ್ನೇ ನೋಡ್ಕೊಂಡು ‘ಯಾರಮ್ಮ ನೀನು, ಇನ್ಶೂರೆನ್ಸ್‌ನವಳಾ’ ಅಂತಾರೆ!”

ಬೇರೆ ದಿನವಾಗಿದ್ದರೆ ಈ ಒಂದು ಮಾತಿಗೆ ನಾನೂ ಆಶ್ರಿತಾಳೂ ಒಂದು ವಾರ ನಗುತ್ತಿದ್ದೆವು. ಈಗ ಫೋನಿನ ಆ ತುದಿಯಲ್ಲಿ ಅವಳು ನಗುತ್ತಿರಲಿಲ್ಲ. ನನ್ನ ಕೈಯಲ್ಲಿದ್ದ ನೀರಿನ ಮಗ್ ಯಾವಾಗ ಬಗ್ಗಿತೋ, ಚಪ್ಪಲಿ ಪೂರ್ತಿ ಒದ್ದೆಯಾಗಿತ್ತು.

“ಈಗ ಹೇಗಿದಾರೆ?”

“ಇಂದಿರಾನಗರದಲ್ಲಿ ನರ್ಸಿಂಗ್ ಹೋಮ್‌ಗೆ ತಂದಿದೀವಿ. ಗ್ಲೂಕೋಸ್ ಹಾಕಿದಾರೆ. ಈಗ ಕಣ್ಬಿಟ್ಟು ಮಾತಾಡ್ತಿದಾರೆ. ಆದ್ರೆ ಯಾಕೆ ಹಿಂಗಾಯ್ತು ಅಂತ ಡಾಕ್ಟರ್‌ಗೇ ಗೊತ್ತಾಗ್ತಿಲ್ಲ. ಇಡ್ತೀನಿ ಕಣೇ, ಅಜ್ಜಿ ಅಳ್ತಿದಾರೆ.”

ಯಾಕೆ ಹೀಗಾಯಿತೆಂದು ನನಗೆ ಗೊತ್ತಿತ್ತು. ಅಥವಾ ಗೊತ್ತಿದೆ ಎಂದು ಆ ಕ್ಷಣ ಅನ್ನಿಸಿತು. ನನ್ನಿಂದ ನಾಲ್ಕು ಹೆಜ್ಜೆ ದೂರದಲ್ಲಿ, ಹಳೆಯ ಪೇಂಟ್ ಬಕೆಟ್ಟಿನಲ್ಲಿ, ಇನ್ಸುಲಿನ್ ಗಿಡ ನಿಂತಿತ್ತು. ಅದರ ಒಂದು ಕಡೆ ಎಲೆಯೇ ಇರಲಿಲ್ಲ.

ರಾಮಮೂರ್ತಿ ನಗರದ ಈ ಮನೆಯಲ್ಲಿ ಕೆಳಗೆ ಆಶ್ರಿತಾಳ ತಾತ ರಾಮು, ಅಜ್ಜಿ ಸೀತಾಲಕ್ಷ್ಮಿ ಮತ್ತು ಕಾಲೇಜಿಗೆಂದು ಅವರ ಜೊತೆಗಿರುವ ಆಶ್ರಿತಾ. ಮೇಲೆ ಎರಡು ವರ್ಷದಿಂದ ಬಾಡಿಗೆಗೆ ನಾವು. ತಾತ ಟೆಲಿಫೋನ್ ಫ್ಯಾಕ್ಟರಿಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತರಾದವರು. ಟೆರೇಸ್ ಮಾತ್ರ ನಮ್ಮ ದಾದಿ, ಅಂದರೆ ಅಪ್ಪನ ಅಮ್ಮ, ಕಮರುನ್ನೀಸಾ ಅವರ ರಾಜ್ಯ. ಅಬ್ಬಾ ಶಿವಾಜಿನಗರದ ಅಂಗಡಿಯಿಂದ ಬರುವಾಗ ಮೀನಿನವರು ಎಸೆದ ಥರ್ಮಕೋಲ್ ಪೆಟ್ಟಿಗೆಗಳನ್ನು ತರುತ್ತಾರೆ. ದಾದಿ ಅವನ್ನು ಮೂರು ದಿನ ಬಿಸಿಲಿಗೆ ಹಾಕಿ, ತೂತು ಕೊರೆದು, ಮಣ್ಣು ತುಂಬುತ್ತಾರೆ. ಒಂದರಲ್ಲಿ ಪುದೀನ, ಒಂದರಲ್ಲಿ ದೊಡ್ಡಪತ್ರೆ, ಇನ್ನೊಂದರಲ್ಲಿ ಕಾಮಕಸ್ತೂರಿ. ಹಿಡಿ ಮುರಿದ ಕುಕ್ಕರಿನಲ್ಲಿ ನಿಂಬೆಹುಲ್ಲು. ದಾದಿಗೆ ನಿಯಮಗಳಿವೆ: ಬಿಸಿಲು ಏರುವ ಮುಂಚೆ ಚಿವುಟಬೇಕು, ಕತ್ತರಿ ತಾಗಿಸಬಾರದು, ಉಗುರಲ್ಲೇ ಚಿವುಟಬೇಕು, ಮಗ್ರಿಬ್ ಅಜಾನ್ ಆದ ಮೇಲೆ ಗಿಡ ಮುಟ್ಟಬಾರದು. ಈ ಕೊನೆಯ ನಿಯಮ ಕೆಳಗಿನ ಅಜ್ಜಿಯ ಮನೆಯಲ್ಲೂ ಇದೆ. ಅಲ್ಲಿ ಅದಕ್ಕೆ ದೀಪ ಹಚ್ಚುವ ಹೊತ್ತು ಎನ್ನುತ್ತಾರೆ.

ಇನ್ಸುಲಿನ್ ಗಿಡ ಮಾತ್ರ ನನ್ನದು. ಹೊರಮಾವಿನ ನರ್ಸರಿಯಿಂದ ನಾನೇ ತಂದೆ. ಎರಡು ರೀಲ್ಸ್ ನೋಡಿದ್ದೆ, ಅಷ್ಟೇ ನನ್ನ ವಿದ್ಯೆ. ದಾದಿಗೂ ಶುಗರ್ ಇರುವುದರಿಂದ ಮೊದಲ ಎಲೆಯನ್ನು ಅವರ ಬಾಯಿಗೇ ಇಟ್ಟೆ. ದಾದಿ ಜಗಿದು, ಮುಖ ಹಿಂಡಿ, “ಹುಳಿ ಚೆನ್ನಾಗಿದೆ, ಚಟ್ನಿಗೆ ಹಾಕು. ಶುಗರ್‌ಗೆ ನನ್ನ ಡಾಕ್ಟರ್ ಇದಾರೆ. ನಕ್ಕೋ” ಎಂದರು. ದಾದಿ ನಕ್ಕೋ, ಅಂದರೆ ಬೇಡ, ಎಂದರೆ ಅದು ಮುಗಿದ ಮಾತು.

ಆಮೇಲೆ ನಡೆದದ್ದಕ್ಕೆಲ್ಲ ಕಾರಣ ಒಂದು ಸ್ಟೀಲ್ ಡಬ್ಬಿ.

ಅದರ ಮುಚ್ಚಳದ ಮೇಲೆ ಅಜ್ಜಿಯ ಹೆಸರಿನ ಎರಡಕ್ಷರ ಕೊರೆದಿದೆ. ಕೆಳಗಿನಿಂದ ಅದರಲ್ಲಿ ಕೋಸಂಬರಿ ಬರುತ್ತದೆ, ಒಬ್ಬಟ್ಟು ಬರುತ್ತದೆ. ಪರರ ಡಬ್ಬಿಯನ್ನು ಖಾಲಿ ಕಳಿಸಬಾರದು. ನಮ್ಮಲ್ಲೂ ಹಾಗೇ, ಅವರಲ್ಲೂ ಹಾಗೇ. ಈ ಒಂದು ವಿಷಯದಲ್ಲಿ ಎರಡು ಮನೆಗೂ ಎಂದೂ ಜಗಳ ಬಂದಿಲ್ಲ. ಮೂರು ತಿಂಗಳ ಹಿಂದೆ ಒಂದು ಬೆಳಿಗ್ಗೆ ನಮ್ಮ ಅಡುಗೆಮನೆಯಲ್ಲಿ ಕೊಡುವಂಥದ್ದು ಏನೂ ಇರಲಿಲ್ಲ. ಟೆರೇಸಿಗೆ ಹೋಗಿ ಡಬ್ಬಿ ತುಂಬ ಪುದೀನ ಚಿವುಟಿದೆ. ತಮಾಷೆಗೆಂದು ಮೇಲೆ ಎರಡು ಇನ್ಸುಲಿನ್ ಎಲೆ ಇಟ್ಟೆ. ಕೆಳಗೆ ಮುಚ್ಚಳ ತೆಗೆದದ್ದು ತಾತ.

“ಇದೇನು ಮಗು, ವೀಳ್ಯದೆಲೆ ಥರ ಇದೆ?”

“ಶುಗರ್ ಎಲೆ ತಾತ. ದಿನಕ್ಕೆರಡು ತಿಂದ್ರೆ ಶುಗರ್ ಓಡಿಹೋಗುತ್ತೆ.”

“ಮೈಸೂರ್ ಪಾಕ್ ವಾಪಸ್ ಬರುತ್ತಾ?”

“ಬರ್ಬೇಕು.”

ತಾತ ಅಡುಗೆಮನೆಯ ಕಡೆ ನೋಡಿ ಧ್ವನಿ ತಗ್ಗಿಸಿದರು. “ಅವಳಿಗೆ ಹೇಳ್ಬೇಡ. ಎಲ್ಲಾದಕ್ಕೂ ಡಾಕ್ಟರನ್ನ ಕೇಳ್ಬೇಕು ಅಂತಾಳೆ. ನಂಗೆ ನೀನೇ ಡಾಕ್ಟರ್.”

ಅವತ್ತಿನಿಂದ ನಾನು ಡಾಕ್ಟರ್ ಸಾಹೇಬ್ರು. ದಿನವೂ ಡಬ್ಬಿ ಇಳಿಯುತ್ತಿತ್ತು: ಮೇಲೆ ಪುದೀನ, ಕೆಳಗೆ ಪೇಪರಿನಲ್ಲಿ ಸುತ್ತಿದ ಎರಡು ಎಲೆ. ತಾತ ಎಲೆ ತೆಗೆದುಕೊಂಡು ಪುದೀನವನ್ನು ಅಜ್ಜಿಗೆ ಕೊಡುತ್ತಿದ್ದರು. “ಪಾಪ, ಆ ಹುಡುಗಿ ದಿನಾ ಕಳಿಸ್ತಾಳೆ” ಎಂದು ಅಜ್ಜಿ ಅದರಲ್ಲಿ ಚಟ್ನಿ ಅರೆದು ನಮಗೇ ಕಳಿಸುತ್ತಿದ್ದರು. ಕಳೆದ ತಿಂಗಳು ತಾತನ ರಿಪೋರ್ಟಿನಲ್ಲಿ ಸ್ವಲ್ಪ ಇಳಿದಿತ್ತು. ಅವರು ಸಂಜೆ ವಾಕಿಂಗ್ ಶುರುಮಾಡಿದ್ದೂ ಅದೇ ತಿಂಗಳು. ಆದರೆ ನಾವಿಬ್ಬರೂ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ನಾಳೆ ಮತ್ತೆ ಅವರ ರಕ್ತ ಪರೀಕ್ಷೆ ಇತ್ತು. ಹಾಗಾಗಿ ನಿನ್ನೆ ಸಂಜೆ ಮೆಟ್ಟಿಲ ಬುಡದಿಂದ ಪಿಸುದನಿ ಕೇಳಿಸಿತು: “ಡಾಕ್ಟರ್ ಸಾಹೇಬ್ರೇ, ನಾಳೆ ಏಕಾದಶಿ, ಹೇಗೂ ಊಟ ಇಲ್ಲ. ಎಲೆ ಆರು ಹಾಕು. ನೂರರ ಕೆಳಗೆ ಇಳಿಸ್ಲೇಬೇಕು ನಾನು.”

ಅಜಾನ್ ಆಗಿಹೋಗಿತ್ತು. ಆದರೂ ನಾನು ಟೆರೇಸಿಗೆ ಹೋಗಿ ಆರು ಎಲೆ ಚಿವುಟಿದೆ.

ಇವತ್ತು ಆಶ್ರಿತಾ ಫೋನ್ ಇಟ್ಟ ಮೇಲೂ ನಾನು ಮೊಬೈಲ್ ಹಿಡಿದು ಗಿಡದ ಮುಂದೆ ನಿಂತಿದ್ದಾಗ ದಾದಿ ಒಣಗಿದ ಬಟ್ಟೆ ತೆಗೆಯಲು ಬಂದರು.

“ಕ್ಯಾ ಹುವಾ? ಮುಖ ಯಾಕೆ ಹಂಗಾಗಿದೆ?”

“ರಾಮು ತಾತ ಬಿದ್ಬಿಟ್ರಂತೆ ದಾದಿ. ಶುಗರ್ ಇಳ್ದುಹೋಗಿ.”

“ಯಾ ಅಲ್ಲಾ! ಈಗ?”

“ಪರವಾಗಿಲ್ಲ. ಮಾತಾಡ್ತಿದಾರಂತೆ.”

ದಾದಿಯ ಕಣ್ಣು ನನ್ನನ್ನು ಬಿಟ್ಟು ಗಿಡದ ಮೇಲೆ ಹೋಯಿತು. ಬೋಳಾದ ಕೊಂಬೆಯನ್ನು ಬೆರಳಿನಲ್ಲಿ ಎತ್ತಿ ನೋಡಿದರು. “ಇದು ಯಾಕೆ ಹಿಂಗಿದೆ?”

“ಹುಳ ಬಿದ್ದಿತ್ತು.”

“ಹುಳ ಉಗುರಲ್ಲಿ ಚಿವುಟುತ್ತಾ?”

ನಾನು ಉಗುರುಗಳನ್ನು ಅಂಗೈಯೊಳಗೆ ಮುಚ್ಚಿಕೊಂಡೆ. ದಾದಿ ಮುಂದೆ ಕೇಳಲಿಲ್ಲ, ಅದೇ ಕಷ್ಟ. ಬಟ್ಟೆಯನ್ನು ತೋಳಿಗೆ ಹಾಕಿಕೊಂಡು ಅಷ್ಟೇ ಹೇಳಿದರು: “ಉಪವಾಸದಲ್ಲಿ ಮಾತ್ರೆ ನುಂಗಿದ್ರಾ ಅವರು? ನನ್ನನ್ನ ಪ್ರತಿ ವರ್ಷ ಡಾಕ್ಟರ್ ಹತ್ರ ಕರ್ಕೊಂಡ್ಹೋಗ್ತೀಯಲ್ಲ ನೀನು. ಅವರಿಗೆ ಯಾರೂ ಹೇಳ್ಲಿಲ್ವಾ?”

ಪ್ರತಿ ವರ್ಷ ರಂಜಾನಿಗೆ ಹದಿನೈದು ದಿನ ಮುಂಚೆ ದಾದಿಯನ್ನು ಆಟೋದಲ್ಲಿ ಕೂರಿಸಿಕೊಂಡು ಹೋಗುವವಳು ನಾನೇ. ಉಪವಾಸವೆಂದು ಡಾಕ್ಟರು ಮಾತ್ರೆಯ ಹೊತ್ತು ಬದಲಿಸಿ, ಒಂದನ್ನು ಕಮ್ಮಿ ಮಾಡಿ ಬರೆದುಕೊಡುತ್ತಾರೆ. ಆ ಚೀಟಿಯ ಫೋಟೋ ಈಗಲೂ ನನ್ನ ಫೋನಿನಲ್ಲಿದೆ. ದಾದಿಯನ್ನು ಬಿಟ್ಟರೆ ಇಡೀ ಕಟ್ಟಡದಲ್ಲಿ ಇದು ಚೆನ್ನಾಗಿ ಗೊತ್ತಿದ್ದವಳು ನಾನೊಬ್ಬಳೇ, ಮತ್ತು ನಾನು ಎಲೆಯನ್ನು ಎರಡರಿಂದ ಆರಕ್ಕೆ ಏರಿಸಿದ್ದೆ.

“ನಾನು ಹೋಗಿ ಬರ್ತೀನಿ ದಾದಿ.”

“ಹೋಗು. ಹೋಗಿ ಬಾಯ್ಬಿಡು.”

ಅವರಿಗೆ ಎಷ್ಟು ಗೊತ್ತಾಗಿತ್ತೋ, ಕೇಳುವ ಧೈರ್ಯ ನನಗಿರಲಿಲ್ಲ.

ಬೆನ್ನಿಗಾನಹಳ್ಳಿ ಮೆಟ್ರೋಗೆ ಆಟೋ ಸಿಗಲಿಲ್ಲ, ಅರ್ಧ ದಾರಿ ಓಡಿದೆ. ರೈಲಿನಲ್ಲಿ ಸೀಟು ಖಾಲಿಯಿದ್ದರೂ ಕೂರಲಾಗಲಿಲ್ಲ. ಬಾಗಿಲ ಹತ್ತಿರ ನಿಂತು ಆಶ್ರಿತಾಗೆ ಟೈಪ್ ಮಾಡಿದೆ: ‘ತಾತ ಒಂದು ಎಲೆ ತಿಂತಿದ್ರು.’ ಅಳಿಸಿದೆ. ‘ನಾನು ಒಂದು ವಿಷಯ ಹೇಳ್ಬೇಕು, ಕೋಪ ಮಾಡ್ಕೋಬೇಡ.’ ಅಳಿಸಿದೆ. ‘ತಾತ ಹೇಗಿದಾರೆ?’ ಇಷ್ಟನ್ನು ಮಾತ್ರ ಕಳಿಸಿದೆ. ಎದುರಿಗೆ ಕೂತಿದ್ದ ಹೆಂಗಸು ನನ್ನ ಒದ್ದೆ ಚಪ್ಪಲಿಯನ್ನೇ ನೋಡುತ್ತಿದ್ದಳು.

ಉತ್ತರ ಒಂದರ ಹಿಂದೊಂದು ಬಂತು.

‘ತಾತ ಓಕೆ. ಇವತ್ತು ಇಲ್ಲೇ ಇರ್ಬೇಕಂತೆ. ಆ ಮಾತ್ರೆ ದಿನಪೂರ್ತಿ ಕೆಲಸ ಮಾಡುತ್ತಂತೆ, ಮತ್ತೆ ಇಳೀಬಹುದು ಅಂತಾರೆ.’

‘ಇಲ್ಲಿ ಬೇರೆ ರಾಮಾಯಣ. ಹೊರಮಾವಿಂದ ವಿಶ್ರುತ್ ಮಾಮ ಫೋನ್ ಮಾಡಿ ಕೂಗಾಡ್ತಿದಾರೆ. ಅಜ್ಜಿ ಡಬಲ್ ಮಾತ್ರೆ ಕೊಟ್ಟಿದಾರೆ, ಅವರಿಗೆ ಮರೆವು ಬಂದಿದೆ ಅಂತ.’

‘ಇನ್ಮೇಲೆ ಮಾತ್ರೆ ಡಬ್ಬ ಅಜ್ಜಿ ಮುಟ್ಟಂಗಿಲ್ವಂತೆ. ಇಬ್ಬರನ್ನೂ ಹೊರಮಾವಿಗೆ ಕರ್ಕೊಂಡು ಹೋಗ್ತಾರಂತೆ.’

‘ಅಜ್ಜಿ ಹೇಳ್ತಾರೆ, ಪ್ರತಿ ಏಕಾದಶಿ ಥರಾನೇ ಇವತ್ತೂ ಎರಡು ಬಾಳೆಹಣ್ಣು ಕೊಟ್ಟು, ಆಮೇಲೆ ಒಂದೇ ಮಾತ್ರೆ ಕೊಟ್ಟೆ ಅಂತ. ಹಣ್ಣು ತಿಂದು ಒಂದೇ ಮಾತ್ರೆ ತಗೊಂಡ್ರೆ ಇಷ್ಟು ಇಳಿಯಲ್ಲ ಅಂತಾರೆ ಡಾಕ್ಟರ್. ಅಂದ್ರೆ ಅಜ್ಜಿನೇ ತಪ್ಪು ಅಂತ ಎಲ್ಲಾ.’

ಬಾಳೆಹಣ್ಣು.

ನಾನು ಕಂಬ ಹಿಡಿದುಕೊಂಡೆ. ಬೆಳಿಗ್ಗೆ ಎಂಟಕ್ಕೆ ತಾತ ಮೆಟ್ಟಿಲ ಮೇಲೆ ಡಬ್ಬಿ ಇಟ್ಟು ಹೋಗಿದ್ದರು. ಖಾಲಿ ಕಳಿಸಬಾರದಲ್ಲ. ಮುಚ್ಚಳ ತೆಗೆದರೆ ಎರಡು ಏಲಕ್ಕಿ ಬಾಳೆಹಣ್ಣು. ಇವತ್ತೇನು ಹಣ್ಣು ಎಂದುಕೊಂಡು ಒಂದನ್ನು ನಿಂತಲ್ಲೇ ತಿಂದೆ, ಇನ್ನೊಂದನ್ನು ಕಾಲೇಜ್ ಬ್ಯಾಗಿಗೆ ಹಾಕಿಕೊಂಡೆ, ಖಾಲಿ ಡಬ್ಬಿಗೆ ದೊಡ್ಡಪತ್ರೆ ತುಂಬಿ ಕೆಳಗಿಟ್ಟು ಬಂದೆ. ಅದೇ ಬ್ಯಾಗು ಈಗ ನನ್ನ ಭುಜದ ಮೇಲಿತ್ತು. ಜಿಪ್ ತೆಗೆದೆ. ಹಣ್ಣು ಅಲ್ಲೇ ಇತ್ತು, ಒಂದು ಕಡೆ ಕಪ್ಪಾಗಿತ್ತು.

ನೂರರ ಕೆಳಗೆ ಇಳಿಸಬೇಕೆಂದು ತಾತ ಹಣ್ಣನ್ನೂ ತಿಂದಿರಲಿಲ್ಲ. ಬರೀ ಮಾತ್ರೆ, ಮತ್ತೆ ನನ್ನ ಆರು ಎಲೆ.

ಇಂದಿರಾನಗರದಲ್ಲಿ ಇಳಿದು ನರ್ಸಿಂಗ್ ಹೋಮ್‌ಗೆ ನಡೆಯುವಷ್ಟರಲ್ಲಿ ನಾಲ್ಕು ಥರ ಯೋಚಿಸಿದೆ. ಹಣ್ಣಿನ ವಿಷಯ ಹೇಳಿ ಎಲೆಯನ್ನು ಮುಚ್ಚಿಡಬಹುದು. ಆಗ ಅಜ್ಜಿಯೂ ಉಳಿಯುತ್ತಾರೆ, ನಾನೂ ಉಳಿಯುತ್ತೇನೆ. ಆದರೆ ಡಾಕ್ಟರ್ ಹೊಸ ಡೋಸ್ ಬರೆದು ಕಳಿಸುತ್ತಾರೆ, ತಾತ ಮನೆಗೆ ಬರುತ್ತಾರೆ, ಮಾರನೇ ದಿನ ಮೆಟ್ಟಿಲ ಬುಡದಿಂದ ಮತ್ತೆ ‘ಡಾಕ್ಟರ್ ಸಾಹೇಬ್ರೇ’ ಎನ್ನುತ್ತಾರೆ. ಬೇಡ ಎಂದರೆ ನರ್ಸರಿಗೆ ತಾವೇ ಹೋಗಿ ಗಿಡ ತರುತ್ತಾರೆ. ನನಗೆ ಅವರು ಗೊತ್ತು.

ಎರಡನೇ ಮಹಡಿಯ ವಾರ್ಡಿನಲ್ಲಿ ತಾತ ದಿಂಬಿಗೆ ಒರಗಿ ಕೂತಿದ್ದರು. ಕೈಗೆ ಸೂಜಿ, ಹಣೆಯಲ್ಲಿ ಬಿದ್ದ ಊತ. ನನ್ನನ್ನು ಕಂಡದ್ದೇ ಹುಬ್ಬು ಹಾರಿಸಿದರು.

“ಬಂದ್ರಪ್ಪಾ ನಮ್ಮ…” ಎಂದು ಶುರುಮಾಡಿ ಅಜ್ಜಿಯನ್ನು ನೋಡಿ ನುಂಗಿದರು. “ನಮ್ಮ ಮೇಲ್ಮನೆ ಮಗು ಬಂತು.”

ಅಜ್ಜಿ ತಲೆ ಎತ್ತಲಿಲ್ಲ. ತೊಡೆಯ ಮೇಲೆ ವಾರದ ಏಳು ಖಾನೆಗಳ ಪ್ಲಾಸ್ಟಿಕ್ ಪೆಟ್ಟಿಗೆ ತೆರೆದುಕೊಂಡು, ಒಂದೊಂದು ಮಾತ್ರೆಯನ್ನೂ ಬೆರಳಿನಿಂದ ಸರಿಸಿ ನೋಡುತ್ತಿದ್ದರು. ಪಕ್ಕದ ಸ್ಟೂಲಿನ ಮೇಲೆ ಅದೇ ಸ್ಟೀಲ್ ಡಬ್ಬಿ ಇತ್ತು. ಗಡಿಬಿಡಿಯಲ್ಲಿ ಆಶ್ರಿತಾ ಅದಕ್ಕೆ ಬಿಸ್ಕತ್ತು, ಚಮಚ ತುಂಬಿಕೊಂಡು ಬಂದಿದ್ದಳು.

“ಅಜ್ಜಿ ಆಗ್ಲಿಂದ ಹಿಂಗೇ” ಎಂದಳು ಆಶ್ರಿತಾ ನನ್ನ ಕಿವಿಯಲ್ಲಿ. “ಎಷ್ಟು ಸಲ ಎಣಿಸಿದ್ರೂ ಸರಿಯಾಗೇ ಇದೆ. ಆದ್ರೂ ನಂಬ್ತಿಲ್ಲ.”

“ಸುಮಿ, ನೀನೇ ಹೇಳಮ್ಮ” ಎಂದರು ಅಜ್ಜಿ, ಇನ್ನೂ ಪೆಟ್ಟಿಗೆಯನ್ನೇ ನೋಡುತ್ತಾ. “ಹನ್ನೆರಡು ವರ್ಷದಿಂದ ಈ ಕೈಯಲ್ಲೇ ಕೊಡ್ತಿದೀನಿ. ಇವತ್ತೂ ಒಂದೇ ಕೊಟ್ಟೆ ಅಂತ ನನ್ನ ಮನಸ್ಸು ಹೇಳುತ್ತೆ. ಆದ್ರೆ ಎಲ್ಲರೂ ಎರಡು ಅಂತಿದಾರೆ. ಎರಡೇ ಕೊಟ್ಟಿರ್ಬೇಕು ಬಿಡು. ವಯಸ್ಸಾಯ್ತಲ್ಲ.”

ನಾನು ತಾತನನ್ನು ನೋಡಿದೆ. ತಾತ ಕಿಟಕಿ ನೋಡಿದರು.

“ಆಶ್ರಿತಾ, ಅಜ್ಜಿನ ಕರ್ಕೊಂಡ್ಹೋಗಿ ಕಾಫಿ ಕುಡಿಸು” ಎಂದರು. ಇಬ್ಬರೂ ಬಾಗಿಲು ದಾಟಿದ ಮೇಲೆ ನನ್ನನ್ನು ಹತ್ತಿರ ಕರೆದರು. “ನೋಡು ಮಗು, ನಮ್ಮಿಬ್ಬರ ವಿಷಯ ಇಲ್ಲಿ ಬೇಡ. ಏನೂ ಆಗಿಲ್ಲ ತಾನೇ ನಂಗೆ?”

“ಬಾಳೆಹಣ್ಣು ನಂಗ್ಯಾಕೆ ಕಳಿಸಿದ್ರಿ ತಾತ?”

“ಡಬ್ಬಿ ಖಾಲಿ ಕಳಿಸ್ಬಾರದಲ್ಲ.”

“ತಾತ!”

“ಸರಿ ಕಣಮ್ಮಾ. ಒಂದಿನ ನೂರರ ಕೆಳಗೆ ಇಳಿಸಿ ಅವಳಿಗೆ ತೋರಿಸ್ಬೇಕಿತ್ತು. ಇಳಿಸಿದೆ. ಸ್ವಲ್ಪ ಜಾಸ್ತಿನೇ ಇಳೀತು.” ಅವರೇ ನಗಲು ನೋಡಿದರು. ನಾನು ನಗಲಿಲ್ಲ. “ಹೇಳಿದ್ರೆ ಏನಾಗುತ್ತೆ ಗೊತ್ತಾ? ಅವಳು ನಿಮ್ಮ ದಾದಿ ತೋಟಾನೇ ಎತ್ತಿಸ್ತಾಳೆ. ನಿನಗೂ ಬೈಗುಳ, ನಂಗೂ ಬೈಗುಳ. ಡಬಲ್ ಮಾತ್ರೆ ಅಂದ್ಕೊಳ್ಳಲಿ ಬಿಡು, ಎರಡು ದಿನಕ್ಕೆ ಮರೀತಾರೆ.”

“ಅಜ್ಜಿ ಮರೀತಾರಾ?”

ತಾತ ಹೆಬ್ಬೆರಳಿನಿಂದ ಹೊದಿಕೆಯ ಅಂಚನ್ನು ಉಜ್ಜತೊಡಗಿದರು. ಬಾಟಲಿಯಿಂದ ಬೀಳುವ ಹನಿಗಳನ್ನು ನಾನು ಎಣಿಸಲು ಶುರುಮಾಡಿ ಹದಿನಾಲ್ಕಕ್ಕೆ ತಪ್ಪಿದೆ.

ಕಾಫಿ ಮುಗಿಯುವ ಮುಂಚೆಯೇ ಡಾಕ್ಟರ್ ಬಂದರು. ಚಿಕ್ಕ ವಯಸ್ಸಿನ ಹೆಂಗಸು, ಕೈಯಲ್ಲಿ ಪೆನ್ನು ತಿರುಗಿಸುವ ಅಭ್ಯಾಸ. ಅವರ ಹಿಂದೆಯೇ ಅಜ್ಜಿ, ಆಶ್ರಿತಾ.

“ಇನ್ನೊಂದ್ಸಲ ಕೇಳ್ತೀನಿ ಅಮ್ಮಾ, ಬೇಜಾರು ಮಾಡ್ಕೋಬೇಡಿ. ಬೇರೆ ಯಾವ್ದಾದ್ರೂ ಔಷಧಿ? ಕಷಾಯ, ಪುಡಿ, ಏನಾದ್ರೂ?”

“ಏನೂ ಇಲ್ಲ ಡಾಕ್ಟ್ರೇ. ನಾನು ಕೊಡೋದು ಬಿಟ್ಟು ಬೇರೆ ಏನೂ ಅವರು ಮುಟ್ಟಲ್ಲ. ನಂದೇ ತಪ್ಪು. ಮಾತ್ರೆ ಎರಡು ಕೊಟ್ಟುಬಿಟ್ಟೆ ಅಂತ ಬರ್ಕೊಳಿ.”

ಡಾಕ್ಟರ್ ಪೆನ್ನು ತಿರುಗಿಸುವುದನ್ನು ನಿಲ್ಲಿಸಿ ಬರೆಯಲು ಬಗ್ಗಿದರು.

“ಬರೀಬೇಡಿ ಮೇಡಮ್!”

ಪಕ್ಕದ ಹಾಸಿಗೆಯವರೂ ತಿರುಗಿ ನೋಡುವಷ್ಟು ಜೋರಾಗಿ ಬಂದಿತ್ತು ಮಾತು. ಆಮೇಲೆ ತಡೆಯಲಾಗಲಿಲ್ಲ. “ಅಜ್ಜಿ ಒಂದೇ ಕೊಟ್ಟಿದ್ದು. ತಾತ ಬಾಳೆಹಣ್ಣು ತಿಂದಿಲ್ಲ, ನಂಗೆ ಕಳಿಸಿದ್ರು, ಒಂದು ನಾನು ತಿಂದೆ, ಇನ್ನೊಂದು ಇಲ್ಲೇ ಇದೆ ನೋಡಿ.” ಬ್ಯಾಗಿನಿಂದ ಹಣ್ಣು ತೆಗೆದು ಹಾಸಿಗೆಯ ಮೇಲಿಟ್ಟೆ. “ಆಮೇಲೆ ಇನ್ಸುಲಿನ್ ಎಲೆ. ಮೂರು ತಿಂಗಳಿಂದ ನಾನೇ ಕೊಡ್ತಿದೀನಿ. ದಿನಾ ಎರಡು. ನಿನ್ನೆ ಆರು ಕೊಟ್ಟೆ. ನಾನೇ ಕೊಟ್ಟೆ.”

ತಾತ ಕಣ್ಣು ಮುಚ್ಚಿಕೊಂಡರು. “ಹೋಯ್ತು” ಎಂದರು ಮೆಲ್ಲಗೆ.

“ಆರೂ ತಿಂದ್ರಾ ಅಂಕಲ್?” ಎಂದರು ಡಾಕ್ಟರ್.

“ಐದು. ಒಂದು ಕೆಳಗೆ ಬಿತ್ತು.”

ಡಾಕ್ಟರ್ ಉಸಿರುಬಿಟ್ಟರು. “ಎಲೆಯಿಂದಾನೇ ಹಿಂಗಾಯ್ತು ಅಂತ ನಾನು ಹೇಳಕ್ಕಾಗಲ್ಲ. ಅದು ಎಷ್ಟು ಕೆಲಸ ಮಾಡುತ್ತೆ, ಮಾಡುತ್ತೋ ಇಲ್ವೋ, ನಂಗೊತ್ತಿಲ್ಲ. ಈ ಮಾತ್ರೆ ನುಂಗಿ ಹೊಟ್ಟೆಗೆ ಏನೂ ಹಾಕ್ದೇ ಇದ್ರೆ ಅಷ್ಟೇ ಸಾಕು ಬೀಳಕ್ಕೆ. ಆದ್ರೆ ಏನೇನು ತಗೋತಾರೆ ಅಂತ ಗೊತ್ತಿಲ್ದೆ ನಾನು ಡೋಸ್ ಹೇಗೆ ಬರೀಲಿ?” ನನ್ನ ಕಡೆ ತಿರುಗಿದರು. “ನೀನು ಏನ್ ಓದ್ತಿರೋದು?”

“ಬಿಕಾಂ, ಮೇಡಮ್.”

“ಸರಿ. ನಾಳೆ ಹತ್ತು ಗಂಟೆಗೆ ರೌಂಡ್ಸ್ ಬರ್ತೀನಿ. ಆ ಗಿಡದ್ದು ಒಂದು ರೆಂಬೆ ತಗೊಂಡು ಬಾ, ಏನು ಅಂತ ನಾನು ನೋಡ್ಬೇಕು. ಯಾವತ್ತಿಂದ, ದಿನಕ್ಕೆಷ್ಟು, ಎಲ್ಲಾ ನೆನಪು ಮಾಡ್ಕೊಂಡು ಬರ್ಕೊಂಡು ಬಾ. ನೋಡೇ ಡಿಸ್ಚಾರ್ಜ್.”

ಅವರು ಹೋದ ಮೇಲೆ ಆಶ್ರಿತಾ ನನ್ನನ್ನು ನೋಡುತ್ತಿದ್ದ ರೀತಿಗೆ ಬೈದಿದ್ದರೇ ಚೆನ್ನಾಗಿತ್ತು. ಕೊನೆಗೆ ಅವಳು ಫೋನ್ ಎತ್ತಿಕೊಂಡು ಹೊರಗೆ ಹೋದಳು. ಕಾರಿಡಾರಿನಿಂದ ಅವಳ ಧ್ವನಿ ಕೇಳಿಸಿತು: “ಮಾಮ, ಅಜ್ಜಿ ಒಂದೇ ಕೊಟ್ಟಿದ್ದು. ಒಂದೇ! ನೀವು ಮೊದ್ಲು ಅಜ್ಜಿಗೆ ಸಾರಿ ಕೇಳಿ, ಆಮೇಲೆ ಮಿಕ್ಕಿದ್ದು.”

ಅಜ್ಜಿ ಮಾತ್ರೆಯ ಪೆಟ್ಟಿಗೆಯ ಖಾನೆಗಳನ್ನು ಟಪ್ ಟಪ್ ಎಂದು ಒಂದೊಂದಾಗಿ ಮುಚ್ಚಿದರು. ಭಾನುವಾರದಿಂದ ಶನಿವಾರದವರೆಗೆ, ಏಳೂ. ಆಮೇಲೆ ತಾತನ ಕಡೆ ತಿರುಗಿದರು.

“ಎರಡು ಗಂಟೆಯಿಂದ ಎಣಿಸ್ತಿದೀನಿ ರೀ ನಾನು. ನೀವು ನೋಡ್ಕೊಂಡು ಕೂತಿದ್ರಿ.”

“ಸೀತಾ…”

“ಮಾತಾಡ್ಬೇಡಿ. ಮೂರು ತಿಂಗಳು ಆ ಪುದೀನಕ್ಕೆ ನಾನು ‘ಪಾಪ ಹುಡುಗಿ’ ಅಂತ ಚಟ್ನಿ ಅರೀತಿದ್ದೆ. ಈ ಹುಡುಗಿ ಮೇಲೂ ಕೋಪ ಬರ್ತಿದೆ ನಂಗೆ. ಆದ್ರೆ ಅವಳು ಬಾಯ್ಬಿಟ್ಲು.”

ನನಗೆ ಅಳು ಬಂತು. “ಅಜ್ಜಿ, ದಾದಿಗೆ ಏನೂ ಗೊತ್ತಿಲ್ಲ. ತೋಟ ಎತ್ತಿಸ್ಬೇಡಿ.”

“ತೋಟ ಏನ್ ಮಾಡಿದೆ ಪಾಪ?” ಅಜ್ಜಿ ಸ್ಟೀಲ್ ಡಬ್ಬಿಯಿಂದ ಬಿಸ್ಕತ್ತು, ಚಮಚವನ್ನು ಸ್ಟೂಲಿನ ಮೇಲೆ ಸುರಿದರು. ಒಳಗನ್ನು ಸೆರಗಿನಿಂದ ಒರೆಸಿ ನನ್ನ ಕೈಗಿಟ್ಟರು. ಖಾಲಿ. ಎರಡು ವರ್ಷದಲ್ಲಿ ಆ ಡಬ್ಬಿ ನನ್ನ ಕೈಗೆ ಖಾಲಿ ಬಂದದ್ದು ಅದೇ ಮೊದಲು. ಇಷ್ಟು ಹಗುರ ಎಂದು ನನಗೆ ಗೊತ್ತೇ ಇರಲಿಲ್ಲ.

“ಮುಚ್ಚಳ ಅಜ್ಜಿ?”

“ಮುಚ್ಚಳ ನನ್ನ ಹತ್ರ ಇರ್ಲಿ. ನಾಳೆ ಆ ರೆಂಬೆನ ಇದರಲ್ಲಿ ಇಟ್ಕೊಂಡು ಬಾ, ಎಲ್ಲರಿಗೂ ಕಾಣೋ ಹಂಗೆ. ನಿಮ್ಮ ದಾದಿನೂ ಕರ್ಕೊಂಡು ಬಾ. ಅವರು ಉಪವಾಸದಲ್ಲಿ ಮಾತ್ರೆ ಹೇಗೆ ತಗೋತಾರೆ ಅಂತ ಇವರು ಕೂತ್ಕೊಂಡು ಕೇಳಿಸ್ಕೊಳ್ಳಲಿ.”

“ಸ್ವಲ್ಪ ಪುದೀನಾನೂ…” ಎಂದರು ತಾತ ಹಾಸಿಗೆಯಿಂದ.

“ರೀ!”

ನಾನು ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. “ಒಂಬತ್ತಕ್ಕೇ ಬಂದ್ಬಿಡ್ತೀನಿ ಅಜ್ಜಿ. ಎಂಟೂವರೆಗೆ ಬೇಕಾದ್ರೂ…”

“ಹತ್ತಕ್ಕೆ ಬಾ” ಎಂದರು ಅಜ್ಜಿ. “ಬೆಳಿಗ್ಗೆ ಬಿಸಿಲು ಬರೋ ಮುಂಚೆ ಚಿವುಟು. ಹತ್ತಕ್ಕೆ ಸರಿಯಾಗಿ ಇಲ್ಲಿರು.”